‘ಮೇಲ್ ಯಾಕ ಬರವಲ್ದು?’

ಸೋಮವಾರದ ಮುಂಜಾನೆ ಹತ್ತರ ಸುಮಾರಿಗೆ ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯಲ್ಲಾಗಲಿ ನ್ಯೂ ಕಾಟನ್ ಮಾರ್ಕೆಟಿನಲ್ಲಾಗಲಿ ಮಾಳಿಗೆಯ ಮೇಲಿರುವ ಯಾವುದಾದರೊಂದು ತೆರಿಗೆ ಸಲಹೆಗಾರರ ಕಚೇರಿಯನ್ನು ಹೊಕ್ಕು ನೋಡಿದರೆ, ಶನಿವಾರ ಸಂಜೆ ಯಾರೋ ಹುಡುಗನು ಬಂದು ‘ಹೊಸ ವಿಂಡೋಸ್’ ಹಾಕಿಕೊಟ್ಟು ಹೋದ ಗಣಕದ ಮುಂದೆ ಗುಮಾಸ್ತನೂ ಯಜಮಾನನೂ ಚಹಾ ತಂದಿಟ್ಟವನೂ ಒಟ್ಟಾಗಿ ನಿಂತು, ಎಷ್ಟು ಸಾರಿ ಮುಚ್ಚಿದರೂ ತೆರೆಯ ನಡುವೆ ಮತ್ತೆ ಏಳುವ ಚಿಕ್ಕದೊಂದು ಚೌಕವನ್ನು ದಿಟ್ಟಿಸುತ್ತಿರುವ ನೋಟವು ಈಚಿನ ತಿಂಗಳುಗಳಲ್ಲಿ ಅಪರೂಪವಾದುದಲ್ಲ.

“ಪಾಸ್‌ವರ್ಡ್ ಕೇಳಾಕತ್ತೈತ್ರಿ. ಹಾಕಿದ್ರ ತಪ್ಪಂತೈತಿ, ಮತ್ತ ಕೇಳತೈತಿ,” ಎಂದು ಗುಮಾಸ್ತನು ದೂರವಾಣಿಯಲ್ಲಿ ಹೇಳುತ್ತಾನೆ. “ಶನಿವಾರತನಕಾ ಛಲೋ ಇತ್ತಲ್ರಿ, ಈಗ ಮೇಲ್ ಯಾಕ ಬರವಲ್ದು?” ಅತ್ತ ಕಡೆಯ ಉತ್ತರವೂ ಬಹುಮಟ್ಟಿಗೆ ನಿಶ್ಚಿತವೇ: ಅಕೌಂಟ್ ತೆಗೆದು ಮತ್ತೊಮ್ಮೆ ಹಾಕಿ ನೋಡಿರಿ.

ಆ ಉತ್ತರದಲ್ಲಿ ಎಷ್ಟು ಅಪಾಯವಿದೆಯೆಂಬುದನ್ನು ಮುಂದೆ ಹೇಳುವೆನು. ಈಗ ಇಷ್ಟನ್ನು ಗಮನಿಸಿದರೆ ಸಾಕು: ಗಣಕವು ತಪ್ಪೆಂದು ಸಾರುವ ಪಾಸ್‌ವರ್ಡು ಅನೇಕ ವೇಳೆ ನಿರ್ದೋಷಿ, ಬಾರದೆ ನಿಂತ ಕಾಗದಗಳು ಅನೇಕ ವೇಳೆ ದೂರದ ಸರ್ವರಿನಲ್ಲಿ ಸುರಕ್ಷಿತವಾಗಿಯೇ ಇರುತ್ತವೆ, ಕೆಟ್ಟಿರುವುದು ಇವೆರಡರ ನಡುವಣ ಮಾತುಕತೆ. ಆ ಮಾತುಕತೆ ಯಾವ ಹೆಜ್ಜೆಯಲ್ಲಿ ಮುರಿಯಿತೆಂದು ತಿಳಿಯುವ ಮೊದಲೇ ಕೈಹಾಕುವುದರಿಂದ, ಕೆಡದೆ ಉಳಿದಿದ್ದುದೂ ಕೆಡುತ್ತದೆ.

ಎಲ್ಲ ಗಣಕಗಳೂ ಒಮ್ಮೆಲೇ ಏಕೆ ಬದಲಾದವು?

2015ರ ಜುಲೈ 29ರಂದು ಹೊರಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ಉಚಿತವಾಗಿ ಒದಗಿಸುತ್ತಿದ್ದ ಭದ್ರತೆಯ ಪರಿಷ್ಕರಣಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ಅಂದಿನಿಂದ ಆ ಗಣಕಗಳು ಓಡದೆ ನಿಲ್ಲಲಿಲ್ಲವಾದರೂ, ಕಾವಲಿಲ್ಲದ ಮನೆಯಲ್ಲಿ ಹಣಕಾಸಿನ ಲೆಕ್ಕವನ್ನಿಡಲು ಅಂಜಿದವರು ವಿಂಡೋಸ್ 11ಕ್ಕೆ ನಡೆದರು.

ಆ ನಡಿಗೆಯೂ ಎಲ್ಲರಿಗೂ ಸುಗಮವಾಗಲಿಲ್ಲ. ವಿಂಡೋಸ್ 11 ಗಣಕದೊಳಗೆ ಟಿಪಿಎಂ 2.0 ಎಂಬ ಭದ್ರತಾ ಸಾಧನವನ್ನೂ ಸಾಕಷ್ಟು ಹೊಸದಾದ ಪ್ರಾಸೆಸರನ್ನೂ ಅಪೇಕ್ಷಿಸುವುದರಿಂದ, ಕೆಲವರು ಇದ್ದ ಗಣಕದಲ್ಲಿಯೇ ವ್ಯವಸ್ಥೆಯನ್ನು ಮೇಲ್ದರ್ಜೆಗೇರಿಸಿದರು, ಕೆಲವರು ಹೊಸ ಗಣಕವನ್ನೇ ಕೊಂಡರು, ಮತ್ತೆ ಕೆಲವರು ನಮ್ಮ ಕಡೆಯ ಅಂಗಡಿಗಳಲ್ಲಿ ಬಹುದಿನದಿಂದ ಬಳಕೆಯಲ್ಲಿರುವ ವಿಧಾನದಂತೆ ‘ಫಾರ್ಮ್ಯಾಟ್ ಹೊಡೆಸಿ’ ಎಲ್ಲವನ್ನೂ ಮೊದಲಿನಿಂದ ಹಾಕಿಸಿದರು. ಈ ಮೂರು ದಾರಿಗಳೂ ಮಿಂಚಂಚೆಯ ಮಟ್ಟಿಗೆ ಮೂರು ಬೇರೆ ಬೇರೆ ಫಲಗಳನ್ನು ಕೊಡುತ್ತವೆ.

ಇದು ಮೊದಲನೆಯ ಸಲದ ಗೋಳೂ ಅಲ್ಲ. ಎಕ್ಸ್‌ಪಿಯಿಂದ ವಿಂಡೋಸ್ 7ಕ್ಕೆ ಬಂದವರು, ತಮ್ಮ ಕಾಗದಗಳನ್ನೆಲ್ಲ ಇಟ್ಟುಕೊಂಡಿದ್ದ ಔಟ್‌ಲುಕ್ ಎಕ್ಸ್‌ಪ್ರೆಸ್ ಎಂಬ ತಂತ್ರಾಂಶವೇ ಹೊಸ ವ್ಯವಸ್ಥೆಯಲ್ಲಿ ಇಲ್ಲದಿರುವುದನ್ನು ಕಂಡು ಬೆಚ್ಚಿದ್ದುಂಟು. ವಿಂಡೋಸ್ 7ರೊಡನೆ ಮಿಂಚಂಚೆಯ ತಂತ್ರಾಂಶ ಯಾವುದೂ ಬರುತ್ತಿರಲಿಲ್ಲ. ಈ ಸಲ ವಿಂಡೋಸ್ 10ರಲ್ಲಿದ್ದ ‘ಮೇಲ್’ ಎಂಬ ಸರಳ ತಂತ್ರಾಂಶಕ್ಕೆ 2024ರ ಡಿಸೆಂಬರ್ 31ಕ್ಕೆ ಮುಕ್ತಾಯವಾಗಿ, ಅದರ ಸ್ಥಾನದಲ್ಲಿ ‘ಹೊಸ ಔಟ್‌ಲುಕ್’ ಬಂದು ಕುಳಿತಿದೆ. ಬಳಸುವವನ ಅನುಕೂಲವನ್ನು ಕೇಳದೆ ಮನೆಯ ಸಾಮಾನನ್ನು ಅತ್ತಿತ್ತ ಮಾಡುವ ಈ ಚಾಳಿಯನ್ನು ದೊಡ್ಡ ಸಂಸ್ಥೆಗಳು ಪ್ರಗತಿಯೆಂದು ಕರೆಯುತ್ತವೆ, ಕರೆಯಲಿ.

ಕಾಗದವು ಇರುವುದೆಲ್ಲಿ?

ಮಿಂಚಂಚೆಯು ನಮ್ಮ ಗಣಕಕ್ಕೆ ನೇರವಾಗಿ ಬರುವುದೆಂದು ಬಹುಜನರ ತಿಳಿವಳಿಕೆ. ವಾಸ್ತವದಲ್ಲಿ ಅದು ಬಂದು ಸೇರುವುದು ನಮಗೆ ಅಂಚೆಯ ಸೇವೆಯನ್ನೊದಗಿಸುವವರ ಸರ್ವರಿಗೆ. ಅಲ್ಲಿಂದ ಅದನ್ನು ಇತ್ತ ತರುವುದಕ್ಕೆ ಎರಡು ಪದ್ಧತಿಗಳಿವೆ. ಒಂದು 1984ರಲ್ಲಿ ಮೊದಲಿಗೆ ರೂಪುಗೊಂಡ ಪಾಪ್. ಇನ್ನೊಂದು 1986ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಕ್ರಿಸ್ಪಿನ್ ರಚಿಸಿದ ಐಮ್ಯಾಪ್.

ಪಾಪ್ ಕಾಗದವನ್ನು ಸರ್ವರಿನಿಂದ ಇಳಿಸಿಕೊಂಡು ಗಣಕದಲ್ಲಿ ಕೂಡಿಡುತ್ತದೆ. ಐಮ್ಯಾಪ್ ಕಾಗದವನ್ನು ಸರ್ವರಿನಲ್ಲಿಯೇ ಬಿಟ್ಟು ಅದರ ಪ್ರತಿಬಿಂಬವನ್ನು ಗಣಕದಲ್ಲಿ ತೋರಿಸುತ್ತದೆ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಭಾರತದ ಸಾರ್ವಜನಿಕರಿಗೆ ಇಂಟರ್‌ನೆಟ್ಟನ್ನು ತೆರೆದ ಕಾಲದಲ್ಲಿ, ದೂರವಾಣಿಯ ತಂತಿಯ ಮೇಲೆ ನಿಮಿಷಕ್ಕಿಷ್ಟೆಂದು ದುಡ್ಡು ತೆತ್ತು ಸಂಪರ್ಕ ಪಡೆಯುತ್ತಿದ್ದವರಿಗೆ, ಬೇಗನೆ ಕಾಗದಗಳನ್ನು ಇಳಿಸಿಕೊಂಡು ತಂತಿಯನ್ನು ಬಿಡಿಸಿ ಸಾವಕಾಶವಾಗಿ ಓದಿಕೊಳ್ಳುವ ಪಾಪ್ ಪದ್ಧತಿಯೇ ಹಿತವಾಗಿತ್ತು. ಆಗ ಹಾಕಿಸಿದ ಆ ಏರ್ಪಾಡು ಯಜಮಾನನ ಗಣಕದಿಂದ ಮಗನ ಗಣಕಕ್ಕೆ ಹಾಗೆಯೇ ಇಳಿದುಬಂದು, ಎಷ್ಟೋ ಪೇಟೆಯ ಕಚೇರಿಗಳಲ್ಲಿ ಇಂದಿಗೂ ನಡೆದಿದೆ.

ಅಲ್ಲಿಯೇ ಗಂಡಾಂತರವಿರುವುದು. ಪಾಪ್ ಪದ್ಧತಿಯಲ್ಲಿ ಔಟ್‌ಲುಕ್ ತಾನು ತಂದ ಕಾಗದಗಳನ್ನು ಪಿಎಸ್‌ಟಿ ಎಂಬ ಒಂದೇ ಕಡತದಲ್ಲಿ ತುಂಬಿಡುತ್ತದೆ. ಸರ್ವರಿನಲ್ಲಿ ಪ್ರತಿಯನ್ನು ಉಳಿಸುವುದಾದರೂ, ಯಾರೂ ಬದಲಾಯಿಸದಿದ್ದರೆ, ಹದಿನಾಲ್ಕು ದಿನಗಳ ಮಟ್ಟಿಗೆ ಮಾತ್ರ. ನಮ್ಮ ಅಂಗಡಿಗಳ ರೂಢಿಯಂತೆ ‘ಸಿ ಡ್ರೈವ್ ಫಾರ್ಮ್ಯಾಟ್, ಡಿ ಡ್ರೈವ್ ಹಂಗ ಇರ್ಲಿ’ ಎಂದು ಕೆಲಸ ನಡೆದಾಗ, ಗಿರಾಕಿಗಳ ಲೆಕ್ಕವೂ ಮದುವೆಯ ಚಿತ್ರಗಳೂ ಡಿ ಡ್ರೈವಿನಲ್ಲಿ ಬದುಕಿಕೊಳ್ಳುತ್ತವೆ. ಪಿಎಸ್‌ಟಿ ಕಡತವಾದರೋ ಸಿ ಡ್ರೈವಿನ ಡಾಕ್ಯುಮೆಂಟ್ಸ್ ಒಳಗಣ ‘ಔಟ್‌ಲುಕ್ ಫೈಲ್ಸ್’ ಎಂಬ ಫೋಲ್ಡರಿನಲ್ಲಿ, ಇಲ್ಲವೆ ಕಣ್ಣಿಗೆ ಬೀಳದಂತೆ ಅಡಗಿಸಿಟ್ಟ ‘ಆ್ಯಪ್‌ಡೇಟಾ’ದಲ್ಲಿ ಇದ್ದು, ಹತ್ತು ವರ್ಷಗಳ ಪತ್ರವ್ಯವಹಾರದೊಡನೆ ಅಳಿದುಹೋಗುತ್ತದೆ. ಮರುದಿನ ಸಂಪರ್ಕವು ಸರಿಹೋಗಿ ಹದಿನಾಲ್ಕು ದಿನಗಳ ಕಾಗದಗಳು ಬಂದಿಳಿದಾಗ, ಉಳಿದವು ಹಿಂದಿನಿಂದ ಬರುತ್ತಿರಬೇಕೆಂದು ಜನ ಕಾಯುತ್ತಾರೆ. ಅವು ಬರುವುದಿಲ್ಲ.

ಬಾಗಿಲಲ್ಲಿ ನಡೆಯುವ ವಿಚಾರಣೆ

ಗಣಕವು ಸರ್ವರಿನೊಡನೆ ಮಾತಿಗೆ ತೊಡಗುವ ಕ್ರಮವನ್ನು ತಿಳಿದರೆ ಮುರಿದ ಹೆಜ್ಜೆಯನ್ನು ಗುರುತಿಸುವುದು ಸುಲಭ. ಮೊದಲು ಅದು ಸರ್ವರಿನ ಹೆಸರನ್ನು ಹಿಡಿದು ವಿಳಾಸವನ್ನು ಹುಡುಕುತ್ತದೆ. ಆಮೇಲೆ ‘ಪೋರ್ಟ್’ ಎಂಬ ಸಂಖ್ಯೆಯುಳ್ಳ ಬಾಗಿಲನ್ನು ತಟ್ಟುತ್ತದೆ. ಬಾಗಿಲು ತೆರೆದರೆ, ಮೂರನೆಯವರಿಗೆ ತಿಳಿಯದ ಗೂಢಲಿಪಿಯೊಂದನ್ನು ಇಬ್ಬರೂ ಒಪ್ಪಿಕೊಳ್ಳುತ್ತಾರೆ. ಬಳಿಕ ಸರ್ವರು ತನ್ನ ಪ್ರಮಾಣಪತ್ರವನ್ನು ತೋರಿಸುತ್ತದೆ. ಇಷ್ಟೆಲ್ಲ ಆದ ಮೇಲೆ, ಕಟ್ಟಕಡೆಗೆ, ನೀನು ಯಾರೆಂಬ ಪ್ರಶ್ನೆ ಬರುತ್ತದೆ. ಪಾಸ್‌ವರ್ಡಿನ ಸರದಿ ಆಗ.

ಗೂಢಲಿಪಿಯ ಒಪ್ಪಂದವು ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ಟಿಎಲ್‌ಎಸ್ ಎಂದು ಕರೆಯಲ್ಪಡುವ ಆ ಪದ್ಧತಿಯ 1.0 ಆವೃತ್ತಿಯು 1999ರದು, 1.1 ಎಂಬುದು 2006ರದು. ಎರಡನ್ನೂ ಇನ್ನು ಬಳಸಬಾರದೆಂದು ಇಂಟರ್‌ನೆಟ್ಟಿನ ನಿಯಮಗಳನ್ನು ರೂಪಿಸುವ ಮಂಡಲಿಯು 2021ರ ಮಾರ್ಚಿನಲ್ಲಿ ವಿಧಿಸಿತು. 2008ರ 1.2 ಮತ್ತು 2018ರ 1.3 ಆವೃತ್ತಿಗಳು ಈಗ ಚಲಾವಣೆಯಲ್ಲಿವೆ. ಹೊಸ ವ್ಯವಸ್ಥೆಯ ಗಣಕಕ್ಕೆ ಇವೆರಡರ ಪರಿಚಯವೂ ಇರುತ್ತದೆ, ಆದರೆ ಊರಿನ ಸಣ್ಣ ಸಂಸ್ಥೆಯೊಂದು ತನ್ನ ಸ್ವಂತ ಹೆಸರಿನ ಅಂಚೆಗಾಗಿ ಅಗ್ಗದಲ್ಲಿ ಹಿಡಿದ ಹಳೆಯ ಸರ್ವರಿಗೆ ಇವೆರಡೂ ತಿಳಿಯದೆ ಇರಬಹುದು. ಹೊಸ ಗಣಕದ ಮೇಲೆ ಹಳೆಯ ಅಂಚೆ ತಂತ್ರಾಂಶವನ್ನೇ ಕೂರಿಸಿದ್ದರೆ ತೊಡಕು ಇದಕ್ಕೆ ವಿಪರೀತ.

ಗುರುತಿನ ಪ್ರಶ್ನೆಯೇ ಈಗಿನ ಗೊಂದಲಗಳಲ್ಲಿ ಹಿರಿದು. ಹಳೆಯ ಮುನೀಮನು ಬಿಟ್ಟುಹೋಗಿ ಹೊಸಬನು ಬಂದಾಗ, ಅಂಗಡಿ ಅದೇ, ಧಣಿ ಅವನೇ, ಖಾತೆಯಲ್ಲಿನ ಹಣವೂ ಅಷ್ಟೇ ಆಗಿದ್ದರೂ, ಸಹಿಯ ನಮೂನೆಯಿಲ್ಲವೆಂದು ಬ್ಯಾಂಕು ಚೆಕ್ಕನ್ನು ಹಿಂದಿರುಗಿಸುವುದಲ್ಲವೆ? ಹೊಸ ವ್ಯವಸ್ಥೆ ಹಾಕಿಸಿದ ಗಣಕದ ಸ್ಥಿತಿ ಸರ್ವರಿನ ಮುಂದೆ ಹೀಗೆಯೇ ಆಗುತ್ತದೆ.

ಗೂಗಲ್ ಸಂಸ್ಥೆಯು 2022ರ ಮೇ 30ರಿಂದ, ಹೊರಗಿನ ತಂತ್ರಾಂಶಗಳು ಬರಿಯ ಪಾಸ್‌ವರ್ಡಿನಿಂದ ಜಿಮೇಲ್ ಒಳಹೊಗುವುದನ್ನು ಸಾಮಾನ್ಯ ಖಾತೆಗಳಲ್ಲಿ ನಿಲ್ಲಿಸಿತು. ಮೈಕ್ರೋಸಾಫ್ಟ್ ತನ್ನ ಔಟ್‌ಲುಕ್ ಮತ್ತು ಹಾಟ್‌ಮೇಲ್ ಖಾತೆಗಳಿಗೆ ಅಂಥದೇ ನಿರ್ಬಂಧವನ್ನು 2024ರ ಸೆಪ್ಟೆಂಬರ್ 16ರಿಂದ ತಂದಿತು. ಈಗ ತಂತ್ರಾಂಶವು ಬ್ರೌಸರಿನ ಪುಟವೊಂದನ್ನು ತೆರೆದು, ಅಲ್ಲಿ ಬಳಕೆದಾರನಿಂದ ಒಪ್ಪಿಗೆ ಪಡೆದು, ಸರ್ವರು ಕೊಟ್ಟ ಗುಪ್ತ ಪರವಾನಗಿಯನ್ನು ಇಟ್ಟುಕೊಳ್ಳಬೇಕು. ಆ ವಿದ್ಯೆಯನ್ನರಿಯದ ಹಳೆಯ ತಂತ್ರಾಂಶಗಳಿಗಾಗಿ ಗೂಗಲ್ ‘ಆ್ಯಪ್ ಪಾಸ್‌ವರ್ಡ್’ ಎಂಬ ಹದಿನಾರು ಅಕ್ಷರಗಳ ಪ್ರತ್ಯೇಕ ಸಂಕೇತವನ್ನು ಕೊಡುತ್ತದೆ. ಅದನ್ನು ಪಡೆಯುವುದಕ್ಕೆ ಎರಡು ಹಂತದ ದೃಢೀಕರಣವನ್ನು ಮೊದಲು ಚಾಲೂ ಮಾಡಿರಬೇಕು.

ಸೋಮವಾರ ಮುಂಜಾನೆಯ ಒಗಟು ಬಿಡುವುದು ಇಲ್ಲಿಯೇ. ಮೂರು ವರ್ಷಗಳ ಹಿಂದೆ ಯಾರೋ ತಿಳಿದವರು ಬಂದು ಆ ಹದಿನಾರು ಅಕ್ಷರಗಳನ್ನು ಪಡೆದು ಔಟ್‌ಲುಕ್ಕಿನೊಳಗೆ ತುಂಬಿ ಹೋಗಿರುತ್ತಾರೆ. ಧಣಿಗೆ ಅದರ ಅರಿವೇ ಇಲ್ಲ. ಹೊಸ ಗಣಕವು ಪಾಸ್‌ವರ್ಡ್ ಕೇಳಿದಾಗ ಆತನು ತನ್ನ ಖಾತೆಯ ನಿಜವಾದ ಪಾಸ್‌ವರ್ಡನ್ನು, ಒಂದಕ್ಷರವೂ ತಪ್ಪದಂತೆ, ಕೊಡುತ್ತಾನೆ. ಸರ್ವರು ತಪ್ಪೆನ್ನುತ್ತದೆ. ಅದೇ ಪಾಸ್‌ವರ್ಡು ಮೊಬೈಲಿನಲ್ಲಿ ನಡೆಯುವುದನ್ನು ಕಂಡು ಆತನಿಗೆ ಗಣಕದ ಮೇಲೆಯೇ ಸಿಟ್ಟು. ಹಳೆಯ ಸಂಕೇತವನ್ನು ಗೂಗಲ್ ಎರಡನೆಯ ಬಾರಿ ತೋರಿಸುವುದಿಲ್ಲ. ಹೊಸದೊಂದನ್ನು ಪಡೆಯಬೇಕು, ಐದು ನಿಮಿಷದ ಕೆಲಸ.

ಗಡಿಯಾರದ ಕಿತಾಪತಿ

ಗಡಿಯಾರಕ್ಕೂ ಮಿಂಚಂಚೆಗೂ ಏನು ಸಂಬಂಧವೆಂದು ಯಾರಿಗಾದರೂ ಅನ್ನಿಸಬಹುದು. ಅದಕ್ಕಾಗಿಯೇ ಬಹುತೇಕ ಯಾರೂ ಅದನ್ನು ಕಡೆಯವರೆಗೂ ನೋಡುವುದಿಲ್ಲ.

ಸರ್ವರು ತೋರಿಸುವ ಪ್ರಮಾಣಪತ್ರದ ಮೇಲೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಬರೆದಿರುತ್ತದೆ, ಗಣಕವು ಅದನ್ನು ತನ್ನ ತಾರೀಖಿನೊಡನೆ ಹೋಲಿಸುತ್ತದೆ. ವಿದ್ಯುತ್ತಿಲ್ಲದಾಗಲೂ ಗಡಿಯಾರವನ್ನು ನಡೆಸುವುದಕ್ಕಾಗಿ ಗಣಕದ ಒಳಗೆ ಎರಡು ರೂಪಾಯಿಯ ನಾಣ್ಯವನ್ನು ಹೋಲುವ ಒಂದು ಸೆಲ್ಲು ಇರುತ್ತದೆ. ಸಾಮಾನ್ಯವಾಗಿ ಅದರ ಮೇಲೆ ಸಿಆರ್ 2032 ಎಂದು ಬರೆದಿರುತ್ತದೆ. ಹಳೆಯ ಗಣಕವನ್ನು ಬಿಚ್ಚಿ, ಹೊಸ ಎಸ್‌ಎಸ್‌ಡಿ ಕೂರಿಸಿ, ಹೊಸ ವ್ಯವಸ್ಥೆ ಹಾಕಿದಾಗ, ಸತ್ತುಹೋಗಿದ್ದ ಆ ಸೆಲ್ಲು ತಾರೀಖನ್ನು ಎಷ್ಟೋ ವರ್ಷ ಹಿಂದಕ್ಕೆ ಒಯ್ದರೆ, ಇನ್ನೂ ಆರಂಭವೇ ಆಗದ ಅವಧಿಯ ಪ್ರಮಾಣಪತ್ರವನ್ನು ಗಣಕವು ಒಪ್ಪಲೊಲ್ಲದು. ಆಗ ಬ್ಯಾಂಕಿನ ತಾಣವೂ ತೆರೆಯುವುದಿಲ್ಲ; ಅದೇ ಒಳ್ಳೆಯ ಸುಳಿವು.

ಇದರ ಇನ್ನೊಂದು ಬಗೆ ಹೆಚ್ಚು ಸೂಕ್ಷ್ಮವಾದುದು. ಹೊಸದಾಗಿ ಹಾಕಿದ ವಿಂಡೋಸ್ ಕೆಲವು ವೇಳೆ ತನ್ನನ್ನು ಅಮೆರಿಕದ ಪಶ್ಚಿಮ ತೀರದ ನಿವಾಸಿಯೆಂದು ಭಾವಿಸಿಕೊಂಡಿರುತ್ತದೆ. ಗಂಟೆ ತಪ್ಪಿರುವುದನ್ನು ಕಂಡ ಗುಮಾಸ್ತನು ವಲಯವನ್ನು ಬದಲಾಯಿಸದೆ ಮುಳ್ಳನ್ನಷ್ಟೇ ತಿರುಗಿಸಿ ಗೋಡೆಯ ಗಡಿಯಾರಕ್ಕೆ ಹೊಂದಿಸಿದರೆ, ತೆರೆಯ ಮೇಲೆ ಎಲ್ಲವೂ ಸರಿಯಾಗಿ ಕಾಣುತ್ತಿದ್ದರೂ, ಚಳಿಗಾಲದಲ್ಲಿ ಬೆಳಿಗ್ಗೆ ಹತ್ತಕ್ಕೆ ಧಾರವಾಡದಿಂದ ಹೊರಟ ಕಾಗದವು ಪಡೆದವರಲ್ಲಿ ರಾತ್ರಿ ಹನ್ನೊಂದೂವರೆಯ ಮುದ್ರೆ ಹೊತ್ತು ನಿಲ್ಲಬಹುದು. ಟೆಂಡರು ತುಂಬುವವರಿಗೂ ಧಾರವಾಡದ ಹೈಕೋರ್ಟ್ ಪೀಠದಲ್ಲಿ ವಕಾಲತ್ತು ನಡೆಸುವವರಿಗೂ ಇದು ನಗುವ ಮಾತಲ್ಲ.

ಹುಡುಕುವ ಕ್ರಮ

ಮೊದಲ ಪರೀಕ್ಷೆಯನ್ನು ಔಟ್‌ಲುಕ್ಕಿನ ಹೊರಗೆ ಮಾಡತಕ್ಕದ್ದು. ಬ್ರೌಸರಿನಲ್ಲಿ ಅಂಚೆಯ ಪುಟವನ್ನು ತೆರೆದು ಖಾತೆಯನ್ನು ಪ್ರವೇಶಿಸಿದಾಗ ಹೊಸ ಕಾಗದಗಳು ಅಲ್ಲಿ ಕಂಡರೆ, ಖಾತೆಯೂ ಪಾಸ್‌ವರ್ಡೂ ಇಂಟರ್‌ನೆಟ್ಟೂ ಸರ್ವರೂ ಏಕಕಾಲಕ್ಕೆ ದೋಷಮುಕ್ತವಾದಂತಾಯಿತು. ಉಳಿದ ತೊಂದರೆ ತಂತ್ರಾಂಶದ ಏರ್ಪಾಡಿನಲ್ಲಿಯೇ. ಈ ಒಂದು ಪರೀಕ್ಷೆಯನ್ನು ಬಿಟ್ಟು ಅರ್ಧ ದಿನ ಪರದಾಡುವವರೇ ಹೆಚ್ಚು.

ಅನಂತರ ನೋಡಬೇಕಾದದ್ದು, ಬರುವುದು ನಿಂತಿದೆಯೋ ಹೋಗುವುದು ನಿಂತಿದೆಯೋ ಎಂಬುದನ್ನು. ಇವೆರಡೂ ಒಂದೇ ಕೆಲಸವಲ್ಲ. ಕಳಿಸುವುದಕ್ಕೆ 1982ರಲ್ಲಿ ಜಾನ್ ಪೋಸ್ಟೆಲ್ ಬರೆದಿಟ್ಟ ಎಸ್‌ಎಂಟಿಪಿ ಎಂಬ ಬೇರೆಯೇ ನಿಯಮಾವಳಿಯಿದೆ, ಬೇರೆಯೇ ಬಾಗಿಲಿದೆ. ಕಾಗದಗಳು ಬರುತ್ತಿದ್ದು, ಬರೆದವು ಮಾತ್ರ ‘ಔಟ್‌ಬಾಕ್ಸ್’ನಲ್ಲಿ ಕುಳಿತಿದ್ದರೆ, ಹಳೆಯ 25ನೆಯ ಪೋರ್ಟನ್ನೇ ಹಾಕಿರುವ ಸಂಭವ ಬಲವಾಗಿದೆ, ಕಸದ ಅಂಚೆಯನ್ನು ತಡೆಯುವುದಕ್ಕಾಗಿ ಆ ಬಾಗಿಲನ್ನು ಅನೇಕ ಇಂಟರ್‌ನೆಟ್ ಸೇವೆಯವರು ಮುಚ್ಚಿದ್ದಾರೆ. 587 ಅಥವಾ 465 ಎಂದು ಬದಲಾಯಿಸಿ, ಕಳಿಸುವ ಸರ್ವರಿಗೂ ದೃಢೀಕರಣ ಬೇಕೆಂಬ ಚೌಕದಲ್ಲಿ ಗುರುತು ಹಾಕಬೇಕು. ಈ ಗುರುತನ್ನು ಮರೆಯುವುದು ನಿಪುಣರೆನಿಸಿಕೊಂಡವರಲ್ಲಿಯೂ ಸಾಮಾನ್ಯ. ಬರುವ ಬಾಗಿಲುಗಳಾದರೆ, ಗೂಢಲಿಪಿಯೊಡನೆ, ಐಮ್ಯಾಪಿಗೆ 993, ಪಾಪಿಗೆ 995.

ಸಂಖ್ಯೆಗಳೆಲ್ಲ ಸರಿಯಿದ್ದರೂ ಮಾತು ಹತ್ತದಿದ್ದರೆ, ತಾರೀಖನ್ನೂ ಸಮಯವಲಯವನ್ನೂ ನೋಡಿ, ಆಮೇಲೆ ಆ್ಯಂಟಿವೈರಸ್ಸಿನ ಕಡೆಗೆ ತಿರುಗಬೇಕು. ಕೆಲವು ಆ್ಯಂಟಿವೈರಸ್ಸುಗಳು ಅಂಚೆಯನ್ನು ನಡುದಾರಿಯಲ್ಲಿ ನಿಲ್ಲಿಸಿ ತಪಾಸಿಸುವುದರಿಂದ, ವ್ಯವಸ್ಥೆ ಬದಲಾದ ಬಳಿಕ ಅರೆಬರೆಯಾಗಿ ಉಳಿದ ಅವುಗಳ ಅವಶೇಷಗಳು ದಾರಿಗೆ ಅಡ್ಡ ಬೀಳುವುದುಂಟು. ಗಣಕವು ನೆನಪಿಟ್ಟುಕೊಂಡ ಹಳೆಯ ಪಾಸ್‌ವರ್ಡುಗಳು ಕಂಟ್ರೋಲ್ ಪ್ಯಾನೆಲ್ಲಿನ ‘ಕ್ರೆಡೆನ್ಷಿಯಲ್ ಮ್ಯಾನೇಜರ್’ನಲ್ಲಿರುತ್ತವೆ, ಆ ಖಾತೆಗೆ ಸಂಬಂಧಿಸಿದುದನ್ನು ಅಲ್ಲಿಂದ ತೆಗೆದ ಮೇಲೆಯೇ ಹೊಸದು ನೆಲೆಯೂರಬಹುದು.

ಇಷ್ಟಾದರೂ ಬಗ್ಗದಿದ್ದರೆ ಖಾತೆಯನ್ನು ಅಳಿಸದೆ, ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ಔಟ್‌ಲುಕ್ಕಿಗೆ ಹೊಸ ‘ಪ್ರೊಫೈಲ್’ ಒಂದನ್ನು ರಚಿಸಿ, ಹಳೆಯದನ್ನು ಹಾಗೆಯೇ ಬಿಟ್ಟು, ಹೊಸದರಲ್ಲಿ ಪ್ರಯತ್ನಿಸುವುದು ಲೇಸು. ‘ತೆಗೆದು ಮತ್ತೆ ಹಾಕಿರಿ’ ಎಂಬ ಸಲಹೆಯನ್ನು ಐಮ್ಯಾಪ್ ಖಾತೆಯವನು ಪಾಲಿಸಿದರೆ ಸಾಮಾನ್ಯವಾಗಿ ನಷ್ಟವಿಲ್ಲ. ಪಾಪ್ ಖಾತೆಯವನು ಪಿಎಸ್‌ಟಿಯ ಪ್ರತಿಯನ್ನು ತೆಗೆದಿಡದೆ ಪಾಲಿಸಿದರೆ, ಕಾಗದಗಳು ಯಾವ ಕಡತದಲ್ಲಿ ಉಳಿದವೆಂದು ಹುಡುಕುವ ಎರಡನೆಯ ಪಾಡು ಆರಂಭವಾಗುತ್ತದೆ.

ಹೊಸ ಔಟ್‌ಲುಕ್ಕಿನ ವಿಷಯದಲ್ಲಿ ಒಂದು ಮಾತು. ಜಿಮೇಲ್ ಮೊದಲಾದ ಬೇರೆಯವರ ಖಾತೆಗಳನ್ನು ಅದರಲ್ಲಿ ಸೇರಿಸಿದರೆ ಆ ಕಾಗದಗಳ ಪ್ರತಿಗಳು ಮೈಕ್ರೋಸಾಫ್ಟಿನ ಕ್ಲೌಡಿಗೂ ಹೋಗುತ್ತವೆ. ಮನೆಬಳಕೆಗೆ ಇದು ದೊಡ್ಡ ಸಂಗತಿಯಲ್ಲದಿರಬಹುದು. ಗಿರಾಕಿಗಳ ಆದಾಯದ ಪತ್ರಗಳನ್ನು ಕೈಯಲ್ಲಿಟ್ಟುಕೊಂಡವರು ‘ಸರಿ’ ಎಂಬ ಗುಂಡಿಯನ್ನು ಒತ್ತುವ ಮುನ್ನ ಅದನ್ನು ತಿಳಿದಿರಬೇಕು.

ಬಂದರೂ ಓದಲಾಗದ ಕಾಗದ

ಧಾರವಾಡದಂಥ ಊರಿನಲ್ಲಿ, ಪ್ರಕಾಶಕರೂ ಮುದ್ರಕರೂ ಕರಡು ತಿದ್ದುವವರೂ ನೆಲೆಸಿರುವಲ್ಲಿ, ಇನ್ನೊಂದು ಬಗೆಯ ದೂರು ಕೇಳಿಬರುತ್ತದೆ: ಮೇಲ್ ಬಂದಿದೆ, ಆದರೆ ‘ಕೆಟ್ಟು’ ಬಂದಿದೆ. ಲಗತ್ತನ್ನು ತೆರೆದರೆ ಕನ್ನಡದ ಬದಲು, ನೆತ್ತಿಯ ಮೇಲೆ ಚುಕ್ಕೆಗಳನ್ನೂ ಓರೆಗೆರೆಗಳನ್ನೂ ಹೊತ್ತ ರೋಮನ್ ಅಕ್ಷರಗಳ ಸಂತೆ.

ಇದರಲ್ಲಿ ಸಂಪರ್ಕದ ದೋಷವೇನೂ ಇಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿಯ ಹಳೆಯ ಅಕ್ಷರಮಾದರಿಗಳಲ್ಲಿ ಕನ್ನಡದ ರೂಪಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿಯೇ ಕೂರಿಸಲಾಗಿತ್ತು. ಮುದ್ರಣಾಲಯಗಳು ಯೂನಿಕೋಡ್ ಬಂದ ಮೇಲೂ ಪುಟವಿನ್ಯಾಸದ ಹಳೆಯ ತಂತ್ರಾಂಶಗಳಿಗಾಗಿ ಅದನ್ನೇ ಬಳಸುತ್ತ ಬಂದವು. ಫಾರ್ಮ್ಯಾಟ್ ಹೊಡೆದಾಗ ಅಕ್ಷರಮಾದರಿಗಳು ಅಳಿಯುತ್ತವೆ, ವೇಷ ಕಳಚಿದ ರೋಮನ್ ಅಕ್ಷರಗಳು ಹೊರಬೀಳುತ್ತವೆ. ನುಡಿಯನ್ನು ಮತ್ತೆ ಹಾಕಿದೊಡನೆ ಕಾದಂಬರಿಯು ಕಾದಂಬರಿಯಾಗಿಯೇ ಹಿಂದಿರುಗುತ್ತದೆ. ಇದನ್ನರಿಯದೆ ಲೇಖಕನಿಂದ ಅದೇ ಕಡತವನ್ನು ಮತ್ತೆ ಮತ್ತೆ ತರಿಸಿಕೊಂಡರೆ ಪ್ರಯೋಜನವಿಲ್ಲ.

ಅವಸರದವರನ್ನು ಕಾಯುತ್ತಿರುವವರು

ಮೇಲ್ ನಿಂತ ದಿನ ಕಚೇರಿಯು ಕುರುಡಾದರೂ ಹೊರಗಿನವರಿಗೆ ಅದು ತಿಳಿಯುವುದಿಲ್ಲ. ಕಾಗದವು ಸರ್ವರಿನ ಪೆಟ್ಟಿಗೆಯನ್ನು ಸೇರಿರುವುದರಿಂದ ಕಳಿಸಿದವನಿಗೆ ಅದು ಮುಟ್ಟಿದಂತೆಯೇ ಲೆಕ್ಕ. ಆದಾಯ ತೆರಿಗೆಯ ನೋಟಿಸು, ಜಿಎಸ್‌ಟಿ ತಾಣದ ಓಟಿಪಿ, ಸರಕು ಒಯ್ಯುವವರ ಬಿಲ್ಲು, ಇವು ಯಾವುವೂ ಗಣಕ ಸರಿಹೋಗಲೆಂದು ಕಾಯವು. ಆದ್ದರಿಂದ ದುರಸ್ತಿ ಮುಗಿಯುವ ತನಕ ಬ್ರೌಸರಿನಲ್ಲಿಯೋ ಮೊಬೈಲಿನಲ್ಲಿಯೋ ಪೆಟ್ಟಿಗೆಯನ್ನು ನೋಡುತ್ತಿರಬೇಕು.

ಈ ಗಾಬರಿಯನ್ನೇ ನೆಚ್ಚಿ ಬದುಕುವವರಿದ್ದಾರೆ. ಇಂಥ ಕಂಪನಿಯ ಸಹಾಯವಾಣಿ ಎಂದು ಹುಡುಕಿದಾಗ ಮೇಲೆ ಬರುವ ಸಂಖ್ಯೆಗಳೆಲ್ಲ ಆ ಕಂಪನಿಯವಲ್ಲ. ಅತ್ತ ಕಡೆಯ ಸೌಮ್ಯವಾದ ದನಿಯು ದೂರದಿಂದ ಗಣಕವನ್ನು ನಡೆಸುವ ತಂತ್ರಾಂಶವೊಂದನ್ನು ಹಾಕಿಸಿ, ಓಟಿಪಿಯನ್ನು ಓದಿ ಹೇಳಿಸಿಕೊಂಡು, ಅಂಚೆಯ ಬದಲು ಬ್ಯಾಂಕಿನ ಖಾತೆಯನ್ನು ಬರಿದುಮಾಡುತ್ತದೆ. ಹಾಗಾದಲ್ಲಿ ತಡಮಾಡದೆ 1930ಕ್ಕೆ ಕರೆಮಾಡಬೇಕು. ಹುಬ್ಬಳ್ಳಿಯಲ್ಲಿ ಇಂಥ ಅಪರಾಧಗಳಿಗಾಗಿ ಸಿಇಎನ್ ಠಾಣೆಯೂ ಇದೆ.

ಫಾರ್ಮ್ಯಾಟ್ ಹೊಡೆಯದೆ ಮೇಲ್ದರ್ಜೆಗೇರಿಸಿಕೊಂಡವರಿಗೆ ಮಾತ್ರ ಒಂದು ಚಿಕ್ಕ ಅವಕಾಶವಿದೆ: ಹಳೆಯ ವ್ಯವಸ್ಥೆಯನ್ನು ವಿಂಡೋಸ್ ‘ವಿಂಡೋಸ್.ಓಲ್ಡ್’ ಎಂಬ ಫೋಲ್ಡರಿನಲ್ಲಿ ಸಾಮಾನ್ಯವಾಗಿ ಹತ್ತು ದಿನ ಇಟ್ಟುಕೊಂಡಿರುತ್ತದೆ, ಅಷ್ಟರಲ್ಲಿ ಮನಸ್ಸು ಮಾಡಿದರೆ ಹಿಂದಿರುಗಿ ಹೋಗಬಹುದು. ಇನ್ನೂ ವಿಂಡೋಸ್ 10ರಲ್ಲಿಯೇ ಉಳಿದು ವಿಸ್ತೃತ ಭದ್ರತೆಯ ಸೌಲಭ್ಯಕ್ಕೆ ಹೆಸರು ನೋಂದಾಯಿಸಿಕೊಂಡ ಸಾಮಾನ್ಯ ಬಳಕೆದಾರರಿಗೆ ಮೊದಲು ಗೊತ್ತುಪಡಿಸಿದ ಗಡುವು 2026ರ ಅಕ್ಟೋಬರ್ 13. ಅಂಥವರು ಹುಡುಗನನ್ನು ಕರೆಯುವ ಮುಂಚೆ ಒಂದು ಕಾಗದದ ಮೇಲೆ ಖಾತೆಯು ಪಾಪೋ ಐಮ್ಯಾಪೋ ಎಂಬುದನ್ನೂ, ಎರಡು ಸರ್ವರುಗಳ ಹೆಸರನ್ನೂ, ಪೋರ್ಟಿನ ಸಂಖ್ಯೆಗಳನ್ನೂ ಬರೆದುಕೊಂಡು, ಔಟ್‌ಲುಕ್ಕನ್ನು ಮುಚ್ಚಿ, ಪಿಎಸ್‌ಟಿ ಕಡತದ ಒಂದು ಪ್ರತಿಯನ್ನು ಗಣಕದ ಹೊರಗಣ ಡಿಸ್ಕಿಗೆ ಇಳಿಸಿಕೊಂಡು, ಅದನ್ನು ಇನ್ನೊಂದು ಗಣಕದಲ್ಲಿ ತೆರೆದು ನೋಡಿಕೊಂಡಿದ್ದರೆ, ಆಮೇಲೆ ಸಿ ಡ್ರೈವ್ ಹೇಗಾದರೂ ಆಗಲಿ.